ಗುಲ್ವಾಡಿಯ ಇಳಿಜಾರು ಮತ್ತು ಐದಿಂಚಿನ ಪುಲ್ಲಿ

ಕೊರೋನಾದ ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡನೆಯ ಮಳೆಗಾಲ ಹತ್ತಿರವಾಗುತ್ತಿದ್ದ ದಿನಗಳು. ಆಗ ನಾನು ಬ್ರಹ್ಮಾವರದಲ್ಲಿ ಸ್ವಂತ ಲೇತ್ ವರ್ಕ್ಸ್ ನಡೆಸುತ್ತಿದ್ದೆ. ಈಗ ಅದನ್ನು ಮುಚ್ಚಿ ಮನೆಯಲ್ಲಿ ಕೂತಿದ್ದೇನೆ. ಲೇತಿನ ಸದ್ದಿಗೆ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಬೇಕಾದ್ದು ಮಾತ್ರ ಕೇಳುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ವೃತ್ತಿಯಲ್ಲಿ ನಾನು ಮರೆಯಲಾರದ ಒಂದೇ ಒಂದು ಕೆಲಸವಿದೆ. ಅದರಲ್ಲಿ ಒಬ್ಬ ಸತ್ತ. ಸತ್ತವನಿಗೆ ಅಂಟಿದ ಮಾತನ್ನು ತೊಳೆಯಬೇಕಾದರೆ ಬದುಕಿದ್ದವನೊಬ್ಬನ ತಲೆಗೆ ಅದನ್ನು ಕಟ್ಟಬೇಕಾಗಿತ್ತು.

ಬೋರ್ಡಿನಲ್ಲಿ ‘ಎಲ್ಲಾ ತರದ ಲೇತ್ ಕೆಲಸ’ ಎಂದು ಬರೆಸಿದ್ದರೂ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಹಳೆಯ ಪವರ್ ಟಿಲ್ಲರ್‌ಗಳು. ಕುಂದಾಪುರ, ಬೈಂದೂರು ಕಡೆಯ ಸಣ್ಣ ಗದ್ದೆಗಳಿಗೆ ದೊಡ್ಡ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಅಲ್ಲಿ ಎತ್ತು ಹೋದ ಮೇಲೆ ಬಂದದ್ದು ಟಿಲ್ಲರ್. ಮೂವತ್ತು ವರ್ಷ ಕಳೆದ ಟಿಲ್ಲರ್‌ಗಳ ಬಿಡಿಭಾಗ ಕಂಪನಿಯವರೇ ಮಾಡುವುದಿಲ್ಲ. ಮಾಲೀಕರು ಮಾತ್ರ ಅವನ್ನು ಬಿಡುವುದಿಲ್ಲ. ಪುಲ್ಲಿ ಸವೆದರೆ, ಶಾಫ್ಟ್ ತೇದುಹೋದರೆ, ಗೇರ್ ಬಾಕ್ಸಿನ ಹಲ್ಲು ಮುರಿದರೆ ನನ್ನ ಅಂಗಡಿಯೇ ಗತಿ.

ಟಿಲ್ಲರ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕೆ ಎರಡೇ ಚಕ್ರ, ಮುಂದೆ ಎಂಜಿನ್, ಹಿಂದೆ ಎರಡು ಉದ್ದನೆಯ ಹ್ಯಾಂಡಲ್. ಎಂಜಿನ್ನಿನ ಪುಲ್ಲಿಯಿಂದ ಗೇರ್ ಬಾಕ್ಸಿನ ಪುಲ್ಲಿಗೆ ಬೆಲ್ಟ್. ಎಂಜಿನ್ ಪುಲ್ಲಿ ದೊಡ್ಡದಾದಷ್ಟೂ ಗಾಡಿ ಜೋರಾಗಿ ಓಡುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ. ಗದ್ದೆಗೆ ಸಣ್ಣ ಪುಲ್ಲಿ ಬೇಕು, ಟ್ರೈಲರ್ ಕಟ್ಟಿ ರಸ್ತೆಯಲ್ಲಿ ಓಡಿಸಲು ದೊಡ್ಡದು ಒಳ್ಳೆಯದು. ತಿರುಗಿಸಲು ಸ್ಟೇರಿಂಗ್ ಇಲ್ಲ. ಎರಡು ಹ್ಯಾಂಡಲ್‌ಗೂ ಸೈಕಲ್ ಬ್ರೇಕಿನಂಥ ಒಂದೊಂದು ಹಿಡಿ ಇರುತ್ತದೆ, ಅದು ಕ್ಲಚ್. ಎಡದ್ದು ಹಿಡಿದರೆ ಎಡಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತದೆ, ಬಲಚಕ್ರ ಮಾತ್ರ ಎಳೆಯುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ.

ಇದು ಎಂಜಿನ್ ಗಾಡಿಯನ್ನು ಎಳೆಯುತ್ತಿರುವಾಗಿನ ಮಾತು. ಇಳಿಜಾರಿನಲ್ಲಿ ಹಿಂದಿನ ಭಾರವೇ ಟಿಲ್ಲರನ್ನು ದೂಡತೊಡಗಿದರೆ ಎಲ್ಲ ತಿರುವುಮುರುವು. ಆಗ ಎಂಜಿನ್ ಎಳೆಯುತ್ತಿರುವುದಿಲ್ಲ, ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಎಡದ ಹಿಡಿ ಒತ್ತಿದರೆ ಎಡಚಕ್ರದ ತಡೆ ಬಿಟ್ಟುಹೋಗಿ ಅದು ಮುಂದಕ್ಕೆ ಓಡುತ್ತದೆ, ಬಲಚಕ್ರ ತಡೆದೇ ಇರುತ್ತದೆ. ಗಾಡಿ ತಿರುಗುವುದು ಬಲಕ್ಕೆ. ಅನುಭವ ಇದ್ದ ಡ್ರೈವರ್‌ಗಳು ಕಡಿದಾದ ಇಳಿಜಾರಿನಲ್ಲಿ ಉಲ್ಟಾ ಕೈ ಹಿಡಿಯುತ್ತಾರೆ. ಅದನ್ನು ಅವರು ಯೋಚಿಸಿ ಮಾಡುವುದಿಲ್ಲ, ಕೈಗೇ ಗೊತ್ತಿರುತ್ತದೆ.

ಗುಲ್ವಾಡಿಯ ರಾಘು ಅಂಥ ಡ್ರೈವರ್. ಕಲ್ಲುಕೋರೆಯ ಕೆಂಪುಕಲ್ಲು, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ಏನಿದ್ದರೂ ಅವನ ಟ್ರೈಲರ್‌ನಲ್ಲಿ ಬರುತ್ತಿತ್ತು. ಟಿಲ್ಲರ್ ಅವನದೂ ಅವನ ಹೆಂಡತಿಯ ಅಣ್ಣ ಸುರೇಶನದೂ ಪಾಲಿನದು. ಬೇಸಿಗೆಯಲ್ಲಿ ರಾಘು ರಸ್ತೆಯಲ್ಲಿ ಓಡಿಸುವುದು, ಮಳೆಗಾಲದಲ್ಲಿ ಸುರೇಶ ಎರಡೂ ಮನೆಯ ಗದ್ದೆ ಹೂಡುವುದು. ಭಾವ-ಭಾವ ಎಂದರೆ ಒಂದೇ ಬಾಳೆಎಲೆಯಲ್ಲಿ ಉಣ್ಣುವವರು.

ಅವರಿಬ್ಬರು ಮೊದಲ ಸಲ ನನ್ನಲ್ಲಿಗೆ ಬಂದದ್ದು ಅದಕ್ಕೂ ನಾಲ್ಕೈದು ವರ್ಷ ಮೊದಲು. ಬೆಳಿಗ್ಗೆ ಗಂಜಿ ಉಂಡು ಟಿಲ್ಲರ್ ಮೇಲೆ ಹೊರಟವರು ಬ್ರಹ್ಮಾವರ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಸಾಸ್ತಾನದ ಟೋಲ್‌ನಲ್ಲಿ ಗಾಡಿ ನಿಧಾನ ಮಾಡಿ, ‘ನಮ್ಗೂ ಒಂದ್ ಸ್ಟಿಕ್ಕರ್ ಅಂಟ್ಸಿ ಮಾರಾಯ್ರೆ’ ಎಂದು ಅಲ್ಲಿಯವರನ್ನು ನಗಿಸಿ ಬಂದಿದ್ದನಂತೆ ರಾಘು. ಅಂಗಡಿಯ ಎದುರು ಇಳಿದವನೇ ಸೊಂಟ ಹಿಡಿದುಕೊಂಡು ಹೇಳಿದ:

“ಆಚಾರ್ರೆ, ಇದ್ರ ನಡ್ಗಿ ಒಂದ್ ಸರಿ ಮಾಡಿಕೊಡಿ. ತಲಿ ಮೇಲ್ ಕಲ್ಲ್ ಹೊತ್ಕಂಡ್ ಹೋಪವ್ರೂ ನನ್ನ ಹಿಂದ್ ಹಾಕಿ ಹೋತ್ರ್.”

ಸುರೇಶ ಮಾತು ಕಡಿಮೆ. “ನಂಗೆ ಗೆದ್ದಿಗ್ ಹಳೇ ಪುಲ್ಲಿಯೇ ಆಯ್ಕ್. ಜೋರ್ ಓಡಿರೆ ಮಣ್ಣ್ ಹದ ಆತಿಲ್ಲೆ” ಎಂದ.

ನನಗೆ ಈ ಪುಲ್ಲಿ ದೊಡ್ಡದು ಮಾಡುವ ಹುಚ್ಚಿನವರನ್ನು ಕಂಡರೆ ಆಗುತ್ತಿರಲಿಲ್ಲ. ಕೆಲವರು ಬಂದು ಒಂಬತ್ತು ಇಂಚು ಮಾಡಿಕೊಡಿ, ಬಸ್ಸನ್ನೇ ಹಿಂದೆ ಹಾಕಬೇಕು ಎನ್ನುತ್ತಿದ್ದರು. ಅಂಥವರನ್ನು ಬೈದು ಕಳಿಸುತ್ತಿದ್ದೆ. ಇವರಿಬ್ಬರನ್ನು ಕಳಿಸಲಿಲ್ಲ. ಕಂಪನಿಯ ಪುಲ್ಲಿ ಐದು ಇಂಚಿನದು, ಎರಕದ್ದು. ಅದನ್ನು ಹಾಗೇ ಇಟ್ಟು, ಏಳು ಇಂಚಿನ ಇನ್ನೊಂದನ್ನು ಮಾಡಿಕೊಟ್ಟೆ. ಗಂಟೆಗೆ ಹದಿನೈದು ಕಿಲೋಮೀಟರ್ ಓಡುತ್ತಿದ್ದ ಗಾಡಿ ಇಪ್ಪತ್ತೊಂದಕ್ಕೆ ಬಂತು. ಅದಕ್ಕಿಂತ ಮೇಲೆ ಹೋಗಲು ಬಿಡಲಿಲ್ಲ. ಟ್ರೈಲರ್‌ನ ಬ್ರೇಕ್ ಶೂ ಹೊಸದು ಹಾಕಿಸದೆ ಗಾಡಿ ಅಂಗಳದಿಂದ ಹೊರಡುವುದಿಲ್ಲ ಎಂದೆ, ಹಾಕಿಸಿದರು. ಪುಲ್ಲಿಯನ್ನು ಶಾಫ್ಟಿಗೆ ಹಾಕಿ ತಿರುಗಿಸಿ ಅದುರುತ್ತದೆಯೇ ನೋಡಿದೆ, ಅದುರಲಿಲ್ಲ. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಅಲ್ಲಿಂದ ಅವರದೊಂದು ಕ್ರಮ ಬೆಳೆಯಿತು. ನಮ್ಮ ಕಡೆ ಹತ್ತನಾವಧಿ ಎಂಬ ದಿನವೊಂದಿದೆ, ಮೇ ತಿಂಗಳ ಕೊನೆಗೆ ಬರುತ್ತದೆ. ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಜಾತ್ರೆ ಕೋಲಗಳು ನಿಲ್ಲುತ್ತವೆ, ಆಮೇಲೆ ಗದ್ದೆಯದ್ದೇ ಚಿಂತೆ. ಹತ್ತನಾವಧಿಯ ಮರುದಿನ ಭಾವ-ಭಾವ ಇಬ್ಬರೂ ಸೇರಿ ಪುಲ್ಲಿ ಬದಲಾಯಿಸುವರು. ಒಬ್ಬ ಎಂಜಿನ್ ಜಾರಿಸಿ ಹಿಡಿದರೆ ಇನ್ನೊಬ್ಬ ಬೆಲ್ಟ್ ಕೂರಿಸುವುದು. ಅದಾದ ಕೂಡಲೇ ರಬ್ಬರ್ ಟಯರ್ ಬಿಚ್ಚಿ ಗದ್ದೆಯ ಕಬ್ಬಿಣದ ಚಕ್ರ ಹಾಕುವುದು. ನಾಟಿ ಮುಗಿದ ಮೇಲೆ ಮತ್ತೆ ಹಾಗೆಯೇ ಇಬ್ಬರೂ ಕೂತು ಏಳಿಂಚಿನದ್ದು ಹಾಕುವುದು. ಕಬ್ಬಿಣದ ಚಕ್ರ ಇದ್ದಾಗ ಟಿಲ್ಲರ್ ಡಾಂಬರಿನ ಮೇಲೆ ಹೋಗುವುದಿಲ್ಲ, ಟಯರ್ ಇದ್ದಾಗ ಗದ್ದೆಗೆ ಇಳಿಯುವುದಿಲ್ಲ. ಪುಲ್ಲಿಯ ಮೇಲೆ ತಗಡಿನ ಕವರ್ ಇರುವುದರಿಂದ ಒಳಗೆ ಯಾವುದಿದೆ ಎಂದು ಹೊರಗೆ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ, ಚಕ್ರ ನೋಡಿದರೆ ಸಾಕಿತ್ತು.

ನಾನು ಹೇಳುವ ವರ್ಷ ಮಳೆ ಹತ್ತನಾವಧಿಗೆ ಮೊದಲೇ ಬಂತು. ಅರಬ್ಬಿ ಸಮುದ್ರದಲ್ಲಿ ಎಲ್ಲೋ ಎದ್ದ ಗಾಳಿಗೆ ಮೂರು ದಿನ ಜಡಿದು ಹೊಯ್ದು ನಿಂತಿತು. ಅದರ ಮರುದಿನ ಮಧ್ಯಾಹ್ನ ಕುಂದಾಪುರದ ಗಿರಾಕಿಯೊಬ್ಬರು ಫೋನ್ ಮಾಡಿ, ರಾಘುವಿನ ಟಿಲ್ಲರ್ ಹೊಳೆಗೆ ಬಿತ್ತು, ಅವನು ಹೋಗಿಬಿಟ್ಟ ಎಂದರು. ನಾನು ಲೇತ್ ನಿಲ್ಲಿಸಿ ಬಾಗಿಲು ಎಳೆದುಕೊಂಡು ಮನೆಗೆ ಹೋದೆ. ಆ ದಿನ ಮತ್ತೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಆದದ್ದು ಹೀಗೆ. ಕೋರೆಯಿಂದ ಆ ದಿನದ ಮೊದಲ ಲೋಡು ಕೆಂಪುಕಲ್ಲು ಹೇರಿಕೊಂಡು ರಾಘು ಊರ ಕಡೆ ಬರುತ್ತಿದ್ದ. ಕೋರೆಯಿಂದ ಸ್ವಲ್ಪ ದೂರ ಸಮ ರಸ್ತೆ, ಆಮೇಲೆ ಹೊಳೆಬದಿಗೆ ಒಂದು ಇಳಿಜಾರು. ಘಾಟಿಯಂಥದ್ದೇನೂ ಅಲ್ಲ, ಸೈಕಲ್ ತುಳಿಯದೆ ಇಳಿಯಬಹುದಾದಷ್ಟು. ಇಳಿಜಾರಿನ ಬುಡದಲ್ಲಿ ರಸ್ತೆ ಎಡಕ್ಕೆ ತಿರುಗಿ ಅವನ ಮನೆಯ ಎದುರಿಗೇ ಹೋಗುತ್ತದೆ. ಬಲಕ್ಕೆ ಹೊಳೆ, ನಡುವೆ ತಡೆಗೋಡೆಯಿಲ್ಲ. ಟಿಲ್ಲರ್ ಬಲಕ್ಕೆ ತಿರುಗಿ ಹೊಳೆಗೆ ಇಳಿದಿತ್ತು. ಕಡಲು ಉಕ್ಕುವ ಭರತದ ಹೊತ್ತು, ಹೊಳೆಯಲ್ಲಿ ನೀರು ತುಂಬಿತ್ತು. ಕಲ್ಲು ತುಂಬಿದ ಟ್ರೈಲರ್ ಅವನ ಮೇಲೆಯೇ ಮಗುಚಿತ್ತು.

ಆಚೆ ದಡದಲ್ಲಿ ಬಲೆ ಬೀಸುತ್ತಿದ್ದ ಒಬ್ಬನು ನೋಡಿದ್ದ. ಅವನು ಕಂಡದ್ದನ್ನೇ ಹೇಳಿದ: “ರಸ್ತಿ ಎಡಕ್ ತಿರ್ಗತ್ತ್. ಅವ ಬಲಕ್ಕೇ ತಿರ್ಗ್ಸಿದ. ಸೀದಾ ಹೊಳಿಗೇ ಬಿಟ್ಟ.”

ಪೊಲೀಸರು ಬಂದು ಮಹಜರು ಮಾಡಿ, ಮಳೆಗೆ ಜಾರಿದ ಅಪಘಾತ ಎಂದು ಬರೆದುಕೊಂಡರು. ಊರು ಅಷ್ಟಕ್ಕೆ ಬಿಡುತ್ತದೆಯೇ. ವರ್ಷಗಟ್ಟಲೆ ಅದೇ ರಸ್ತೆಯಲ್ಲಿ ಕಣ್ಣುಮುಚ್ಚಿ ಓಡಿಸಿದವನು ಹಗಲು ಹೊತ್ತಿನಲ್ಲಿ ತಪ್ಪುವುದೆಂದರೇನು? ಬೇಕೆಂದೇ ಹೋದ ಎಂಬ ಮಾತು ಹುಟ್ಟಿತು. ಅದಕ್ಕೆ ಕಾರಣವೂ ಸಿಕ್ಕಿತು. ಆ ದಿನ ಮಗಳ ಕಾಲೇಜು ಸೇರುವ ದಿನ. ಅಪ್ಪ ಜೊತೆಗೆ ಕುಂದಾಪುರಕ್ಕೆ ಹೋಗಬೇಕಾಗಿತ್ತು. ಮಳೆ ಬಿಟ್ಟಿದೆ, ಇವತ್ತು ಕಲ್ಲು ಸಾಗಿಸದಿದ್ದರೆ ಮತ್ತೆ ಆಗುವುದಿಲ್ಲ ಎಂದು ಅವನು ಟಿಲ್ಲರ್ ತೆಗೆದ. ಹೆಂಡತಿ ಗಿರಿಜ ಅಂಗಳದಲ್ಲಿ ನಿಂತು ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದ್ದಳು: “ಆ ಟಿಲ್ಲರ್ ಕಟ್ಕಂಡೇ ಬದ್ಕಿ. ಮನಿಗ್ ಬಪ್ಪುದ್ ಬ್ಯಾಡ.”

ಸಿಟ್ಟಿನಲ್ಲಿ ಯಾವ ಮನೆಯಲ್ಲಿ ಇಂಥ ಮಾತು ಬರುವುದಿಲ್ಲ? ನನ್ನ ಮನೆಯಲ್ಲಿ ಲೇತಿನ ಹೆಸರಿನಲ್ಲಿ ವಾರಕ್ಕೊಮ್ಮೆ ಬರುತ್ತಿತ್ತು. ಸಂಜೆ ಎಲ್ಲ ಮರೆತು ಊಟಕ್ಕೆ ಕೂರುತ್ತಿದ್ದೆವು. ಗಿರಿಜಳ ಪಾಲಿಗೆ ಆ ಸಂಜೆ ಬರಲಿಲ್ಲ.

ನಾಲ್ಕು ದಿನ ಕಳೆದು ಸುರೇಶನ ಫೋನ್ ಬಂತು. ಜೆಸಿಬಿ ತರಿಸಿ ಟಿಲ್ಲರ್ ಮೇಲೆ ತೆಗೆದಿದ್ದಾರೆ, ಪೊಲೀಸರು ನೋಡಿ ಬಿಟ್ಟುಕೊಟ್ಟಿದ್ದಾರೆ, ಎಂಜಿನ್ನಿನಲ್ಲಿ ನೀರು ತುಂಬಿದೆ.

“ಆಚಾರ್ರೆ, ನೀವೇ ಬರ್ಕ್. ಭತ್ತದ್ ಅಗಿ ಹಾಕ್ವ ಹೊತ್ತಾಯ್ತ್, ಗೆದ್ದಿ ಕಾಯ್ತಿಲ್ಲೆ” ಎಂದ. “ಅವನ್ ಗೆದ್ದಿಯೂ ಇನ್ ನಾನೇ ಹೂಡ್ಕಲ್ದಾ.”

ಮನುಷ್ಯ ಸತ್ತ ಯಂತ್ರವನ್ನು ವಾರದೊಳಗೆ ಗದ್ದೆಗೆ ಇಳಿಸುವುದು ಕೇಳಲು ಕಠೋರ. ಆದರೆ ಅನ್ನ ಬೆಳೆಯುವವರಿಗೆ ಬೇರೆ ದಾರಿಯಿಲ್ಲ. ಸಾಮಾನಿನ ಚೀಲ ಹಿಡಿದು ಬಸ್ಸು ಹತ್ತಿದೆ.

ಟಿಲ್ಲರ್ ಸುರೇಶನ ಅಂಗಳದಲ್ಲಿ ಕೆಸರು ಒಣಗಿ ನಿಂತಿತ್ತು. ಬಲಬದಿಯ ಹ್ಯಾಂಡಲ್ ಬಾಗಿತ್ತು. ನಾನು ಮೊದಲು ಡೀಸೆಲ್ ಟ್ಯಾಂಕ್, ಎಂಜಿನ್ ಆಯಿಲ್ ಖಾಲಿ ಮಾಡಿಸಿದೆ, ನಾಝಲ್ ಬಿಚ್ಚಿ ಸಿಲಿಂಡರಿನ ನೀರು ತೆಗೆದೆ. ಆಮೇಲೆ ಬೆಲ್ಟ್ ನೋಡೋಣವೆಂದು ತಗಡಿನ ಕವರ್ ತೆಗೆದೆ. ಒಳಗಿದ್ದದ್ದು ಐದಿಂಚಿನ ಪುಲ್ಲಿ. ಚಕ್ರ ನೋಡಿದೆ, ರಬ್ಬರ್ ಟಯರ್. ಹೊಳೆಯಿಂದ ತೆಗೆದ ಮೇಲೆ ಬದಲಾಯಿಸಿದ್ದಾರೋ ಎಂದುಕೊಂಡೆ. ಆದರೆ ಬೋಲ್ಟಿನ ಮೇಲೆ ಹೊಳೆಯ ಕೆಸರು ಗಟ್ಟಿಯಾಗಿ ಕೂತಿತ್ತು.

“ಇದ್ ಯಾರ್ ಹಾಕದ್?” ಎಂದು ಕೇಳಿದೆ.

“ನಾನೇ” ಎಂದ ಸುರೇಶ. “ಮಳಿ ಬಂತಲ್ದಾ. ಅಗೇಡಿ ಹೂಡುಕ್ ಬೇಕಾತ್ತ್ ಅಂದ್ಹೇಳಿ ಮೊದ್ಲೇ ಹಾಕಿ ಇಟ್ಟೆ.”

“ರಾಘು ಇದ್ದಿದ್ನಾ?”

“ಇಲ್ಲೆ. ಹಿಂದಿನ್ ದಿನ ಅವ ಬೈಂದೂರಿಗ್ ಮದಿಗ್ ಹೋಗಿದ್ದ. ಹಾರಿ ಕೊಟ್ಟ್ ಎಂಜಿನ್ ಜಾರ್ಸಿ ಒಬ್ನೇ ಮಾಡ್ದೆ. ಭಾವಂಗೂ ಒಂದ್ ಕೆಲ್ಸ ಉಳೀತ್ ಅಂದ್ಕಂಡೆ. ಅಷ್ಟೊತ್ತಿಗ್ ಮತ್ತೆ ಮಳಿ ಹೊಯ್ತ್. ಚಕ್ರ ನಾಳಿಗ್ ಹಾಕ್ವ ಅಂದ್ಹೇಳಿ ಬಿಟ್ಟೆ.”

“ಅವಂಗ್ ಹೇಳಿದ್ಯಾ?”

“ಫೋನ್ ಮಾಡ್ದೆ, ಮದಿ ಗಲಾಟಿಯಲ್ ತೆಗಿಲಿಲ್ಲೆ. ಬೆಳಿಗ್ಗೆ ಕಾಂತ ಅಲ್ದಾ ಅಂದ್ಕಂಡೆ. ನಾ ಏಳುವತ್ತಿಗೆ ಅವ ಬಂದ್ ತಕಂಡ್ ಹೋಗಾಯ್ತ್.”

ನಾನು ಕವರನ್ನು ನೆಲಕ್ಕಿಟ್ಟು ಅಲ್ಲೇ ಕೂತೆ. ಒಂದೊಂದೇ ಸಂಗತಿ ಜಾಗಕ್ಕೆ ಬಂದು ಕೂರತೊಡಗಿತು. ಏಳಿಂಚಿನ ಪುಲ್ಲಿಯಲ್ಲಿ ಆ ಇಳಿಜಾರು ಇಳಿಯುವಾಗ ಗಾಡಿ ತನ್ನ ವೇಗಕ್ಕೇ ಓಡುತ್ತಿತ್ತು, ಎಂಜಿನ್ ಎಳೆಯುತ್ತಲೇ ಇರುತ್ತಿತ್ತು. ಹಾಗಾಗಿ ಅಲ್ಲಿ ರಾಘು ಯಾವಾಗಲೂ ನೇರ ಕೈಯನ್ನೇ ಹಿಡಿಯುತ್ತಿದ್ದ. ಎಡಕ್ಕೆ ಹೋಗಲು ಎಡದ ಹಿಡಿ. ಐದಿಂಚಿನ ಪುಲ್ಲಿಯಲ್ಲಿ ಎಂಜಿನ್ ಗಾಡಿಯನ್ನು ಓಡಿಸುವ ವೇಗವೇ ಕಡಿಮೆ. ಅಷ್ಟು ಸಣ್ಣ ಇಳಿಜಾರಿನಲ್ಲಿಯೂ ಕಲ್ಲಿನ ಭಾರ ಟಿಲ್ಲರನ್ನು ದೂಡುತ್ತದೆ. ಅಲ್ಲಿ ಬೇಕಾದದ್ದು ಉಲ್ಟಾ ಕೈ, ಬಲದ ಹಿಡಿ. ಐದಿಂಚಿನ ಪುಲ್ಲಿ ಇಟ್ಟುಕೊಂಡು ಅವನು ಆ ರಸ್ತೆಯಲ್ಲಿ ಯಾವತ್ತೂ ಟ್ರೈಲರ್ ಓಡಿಸಿದವನೇ ಅಲ್ಲ. ಸಮ ರಸ್ತೆಯಲ್ಲಿ ಗಾಡಿ ನಿಧಾನವಾದದ್ದು ಅವನಿಗೆ ಗೊತ್ತಾಗಿಯೇ ಇರಬೇಕು. ಮೂರು ದಿನ ಮಳೆಗೆ ನೆನೆದ ಬೆಲ್ಟ್ ಜಾರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಅವನೂ ಹಾಗೆಂದುಕೊಂಡಿರಬೇಕು. ಟಯರ್ ಇತ್ತಲ್ಲ, ಪುಲ್ಲಿ ಬದಲಾಗಿದೆ ಎಂದು ಅವನಿಗೆ ಅನುಮಾನ ಬರುವುದಾದರೂ ಹೇಗೆ?

ಕೊನೆಯದಾಗಿ ಒಂದೇ ಕೇಳುವುದಿತ್ತು. “ಸುರೇಶ, ಅವನನ್ನ್ ಮೇಲ್ ತೆಗ್ದದ್ ಯಾರ್?”

“ನಾನೇ ಮುಳ್ಗಿ ತೆಗ್ದದ್.”

“ಕೈ ಎಲ್ಲಿದ್ದಿತ್?”

ಅವನು ಅಂಗೈ ನೋಡಿಕೊಂಡ. “ಎಡಗೈ ಕ್ಲಚ್ಚನ್ ಹಿಡಿ ಮೇಲೇ ಇದ್ದಿತ್. ಒಂದೊಂದೇ ಬೆರ್ಳ್ ಬಿಡ್ಸ್ಕಾಯ್ತ್” ಎಂದ. ಅವನೂ ಟಿಲ್ಲರ್ ಓಡಿಸುವವನು. ನಾನು ಏನೂ ಹೇಳಬೇಕಾಗಲಿಲ್ಲ. ಬಾಯಿಗೆ ಟವೆಲ್ ಒತ್ತಿಕೊಂಡು ತೋಟದ ಕಡೆಗೆ ಹೋದ. ಬಹಳ ಹೊತ್ತು ಬರಲಿಲ್ಲ.

ಬಂದವನು ನನ್ನ ಎದುರು ಕುಕ್ಕರುಗಾಲಲ್ಲಿ ಕೂತು ಹೇಳಿದ: “ಗಿರಿಜಂಗೆ ಹೇಳ್ಬೇಡಿ ಆಚಾರ್ರೆ. ಅವ್ಳಿಗ್ ಇನ್ ಇಪ್ಪುದ್ ನಾನೊಬ್ಬ. ಇದ್ ಗೊತ್ತಾರೆ ನಾನೂ ಇಲ್ಲೆ.”

“ಅವ್ಳ್ ಹ್ಯಾಂಗಿತ್ತ್?”

“ಉಣ್ಣುದಿಲ್ಲೆ. ಹೊಳಿ ಬದಿಗೇ ಮುಖ ಹಾಕಿ ಕೂಕಂತ್ಳ್. ‘ನಾನೇ ಕೊಂದೆ’ ಅಂಬುದ್ ಬಿಟ್ರೆ ಬೇರೆ ಮಾತಿಲ್ಲೆ. ಮಗ್ಳ್ ಒಂದ್ ಗಳ್ಗಿ ಬಿಟ್ಟ್ ಹೋತಿಲ್ಲೆ, ಹೆದ್ರಿ.”

ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ಹೇಳಿದರೆ ಅಣ್ಣ ಹೋಗುತ್ತಾನೆ, ಹೇಳದಿದ್ದರೆ ತಂಗಿಯೇ ಉಳಿಯುವ ಹಾಗೆ ಕಾಣುತ್ತಿರಲಿಲ್ಲ. ಸುರೇಶನ ಮೇಲೆ ನನಗೆ ಸಿಟ್ಟು ಬಂತು, ಅಷ್ಟೇ ಕನಿಕರವೂ ಬಂತು. ಅವನು ಮಾಡಿದ್ದು ದ್ರೋಹವಲ್ಲ, ಉಪಕಾರ. ಅರ್ಧ ಉಪಕಾರ. ಕೊನೆಗೆ ಹೇಳಿದೆ: “ನಾ ಹೋಯಿ ಹೇಳುದಿಲ್ಲೆ. ಇದ್ ನೀ ಹೇಳ್ಕಾದ್ದ್. ಬೊಜ್ಜದೊಳ್ಗೆ ಹೇಳ್. ಆದ್ರೆ ಅವ್ಳ್ ನನ್ನತ್ರ ಕೇಂಡ್ರೆ ನಾ ಸುಳ್ಳ್ ಹೇಳ್ವವ ಅಲ್ಲ.”

ಅವನು ತಲೆಯಾಡಿಸಿದ. ಎಂಜಿನ್ ಶುರು ಮಾಡಿಕೊಟ್ಟು, ಹ್ಯಾಂಡಲ್ ನೆಟ್ಟಗೆ ಮಾಡಿ, ಕಬ್ಬಿಣದ ಚಕ್ರವನ್ನು ಅವನ ಕೈಯಲ್ಲೇ ಹಾಕಿಸಿ ನಾನು ಸಂಜೆಯ ಬಸ್ಸಿಗೆ ಬಂದೆ.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ಊಟದ ದಿನ, ಗುಲ್ವಾಡಿಗೆ ಹೋದೆ. ಸುರೇಶ ಬಡಿಸುವ ಗಡಿಬಿಡಿಯಲ್ಲಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಅವನು ಹೇಳಿಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆ ಹೇಳಲು ಸುಲಭ, ಗಂಟೆ ಕೈಯಲ್ಲಿ ಹಿಡಿದು ನಿಂತಾಗ ಅದರ ಭಾರ ತಿಳಿಯುತ್ತದೆ. ನನಗೂ ಧೈರ್ಯವಿರಲಿಲ್ಲ. ಉಂಡು ಮೆಲ್ಲಗೆ ಜಾರಿಕೊಳ್ಳೋಣ ಎಂದು ಕೈ ತೊಳೆಯಲು ಬಾವಿಕಟ್ಟೆಯ ಹತ್ತಿರ ಹೋದೆ. ಗಿರಿಜ ಅಲ್ಲಿಗೇ ಬಂದಳು. ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ಬಿಂದಿಗೆಯಿಂದ ನನ್ನ ಕೈಗೆ ನೀರು ಹೊಯ್ದಳು.

“ಆಚಾರ್ರೆ, ನೀವ್ ಮಿಷನ್ ಬಿಚ್ಚಿ ಕಂಡಿರಿ ಅಲ್ದಾ” ಎಂದಳು. “ಒಂದ್ ಹೇಳಿ. ಅವ್ರ್ ಬೇಕಂದೇ ಹೋದದ್ದಾ?”

“ಅಲ್ಲ ಮಗಾ. ಎಡದ್ ಹಿಡಿ ಒತ್ತಿ ಹಿಡ್ಕಂಡಿದ್ದ. ಬಿಡ್ಸೂಕೆ ಬರ್ದಷ್ಟ್ ಗಟ್ಟಿ. ಹೊಳಿಗ್ ಹೋಪವ ಎಡದ್ ಹಿಡೀತಿಲ್ಲೆ. ಅವ ಮನಿ ಬದಿಗೇ ತಿರ್ಗ್ಸೂಕ್ ಕಂಡದ್.”

ಬಿಂದಿಗೆ ಅವಳ ಕೈಯಲ್ಲೇ ಇತ್ತು, ನೀರು ನೆಲಕ್ಕೆ ಸುರಿಯುತ್ತಿತ್ತು. “ಮನಿ ಬದಿಗಾ?” ಎಂದು ಮತ್ತೆ ಕೇಳಿದಳು. ಹೌದೆಂದೆ. ಅವಳಿಗೆ ಆಗ ಅಳು ಬಂತು. ಹತ್ತು ಹನ್ನೆರಡು ದಿನದಲ್ಲಿ ಅದೇ ಮೊದಲಂತೆ, ಮಗಳು ಆಮೇಲೆ ಹೇಳಿದಳು. ಅಲ್ಲಿಗೇ ಮುಗಿದರೆ ಸಾಕು ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮುಗಿಯಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದಳು.

“ಹಾಂಗಾರೆ ಬಲಕ್ಕ್ ಹೋದದ್ ಎಂತಕ್ಕೆ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸುರೇಶನ ದನಿ ಬಂತು. ಸಾರಿನ ಕೊಳಗ ಕೈಯಲ್ಲಿ ಹಿಡಿದೇ ಅವನು ಬಾವಿಕಟ್ಟೆಯ ಹತ್ತಿರ ಬಂದು ನಿಂತಿದ್ದ.

“ನಾ ಪುಲ್ಲಿ ಬದ್ಲ್ ಮಾಡಿದ್ದೆ, ತಂಗಿ. ಹಿಂದಿನ್ ದಿನ. ಅವಂಗ್ ಹೇಳಿರಲಿಲ್ಲೆ.”

ಟಿಲ್ಲರ್ ಮನೆಯಲ್ಲಿ ಬಾಳಿದ ಹೆಂಗಸಿಗೆ ಅದನ್ನು ಬಿಡಿಸಿ ಹೇಳುವುದು ಬೇಕಿರಲಿಲ್ಲ. ವರ್ಷಕ್ಕೆ ಎರಡು ಸಲ ಅವರಿಬ್ಬರೂ ಪುಲ್ಲಿ ಬದಲಾಯಿಸುವಾಗ ಚಾ ತಂದುಕೊಟ್ಟವಳು ಅವಳೇ. ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟಳು. ಒಂದೇ ಪ್ರಶ್ನೆ ಕೇಳಿದಳು.

“ಕಬ್ಬಿಣದ್ ಚಕ್ರ ಒಂದ್ ಹಾಕಿರೆ ಅವ್ರಿಗ್ ಗೊತ್ತಾತಿತ್ತ್ ಅಲ್ದಾ, ಅಣ್ಣ?”

“ಹೌದ್” ಎಂದ ಸುರೇಶ.

ಅವಳು ಒಳಗೆ ಹೋದಳು. ಅವಳು ಅವನನ್ನು ಅಣ್ಣ ಎಂದು ಕರೆದದ್ದು ಅದೇ ಕೊನೆ. ಆ ದಿನ ಎಲ್ಲರೂ ಹೋದ ಮೇಲೆ ಅವಳು ಒಂದು ತುತ್ತು ಅನ್ನ ಉಂಡಳಂತೆ. ಸುರೇಶ ಮರುದಿನ ಠಾಣೆಗೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು ಬರೆದುಕೊಂಡು ಕಳಿಸಿದರು. ಆ ಮೇಲೆ ಊರಿನ ಬಾಯಿ ಸತ್ತವನನ್ನು ಬಿಟ್ಟು ಬದುಕಿದವನನ್ನು ಹಿಡಿಯಿತು. ಬೇಕೆಂದೇ ಮಾಡಿದನೋ ಏನೋ, ಪಾಲಿನ ಗಾಡಿಯಲ್ಲವೇ ಎನ್ನುವವರೂ ಹುಟ್ಟಿದರು. ನನ್ನ ಅಂಗಡಿಯಲ್ಲಿ ಒಬ್ಬ ಹಾಗೆಂದ. ಅವನ ಶಾಫ್ಟನ್ನು ಅರ್ಧಕ್ಕೇ ಲೇತಿನಿಂದ ಬಿಚ್ಚಿ ಕೈಗೆ ಕೊಟ್ಟು ಕಳಿಸಿದೆ.

ಮರುವರ್ಷ ಹತ್ತನಾವಧಿ ಕಳೆದ ವಾರ, ಬಾಡಿಗೆಯ ಗೂಡ್ಸ್ ಟೆಂಪೋ ಒಂದು ನನ್ನ ಅಂಗಡಿಯೆದುರು ನಿಂತಿತು. ಮೇಲೆ ಅದೇ ಟಿಲ್ಲರ್. ಮುಂದಿನ ಸೀಟಿನಿಂದ ಗಿರಿಜ ಇಳಿದಳು, ಹಿಂದೆ ಟಿಲ್ಲರ್ ಹಿಡಿದುಕೊಂಡು ನಿಂತಿದ್ದ ಸುರೇಶ ಇಳಿದ. ಗದ್ದೆ ಅವಳದೂ ಇದೆ, ಅವನದೂ ಇದೆ. ಹೂಡಬಲ್ಲವನು ಅವನೊಬ್ಬನೇ. ಒಂದೇ ಟೆಂಪೋದಲ್ಲಿ ಬಂದಿದ್ದರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಅವಳು ಚೀಲದಿಂದ ಏಳಿಂಚಿನ ಪುಲ್ಲಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. “ಇದ್ ನಿಮ್ಮತ್ರವೇ ಇರ್ಲಿ” ಎಂದಳು. “ಸಣ್ಣದನ್ನ್ ಶಾಫ್ಟಿಗ್ ವೆಲ್ಡ್ ಮಾಡಿಕೊಡಿ. ಯಾರಿಗೂ ತೆಗುಕ್ ಬಪ್ಪುಕಾಗ.”

ನಮ್ಮ ಕಸುಬಿನಲ್ಲಿ ಇದು ಮಾಡಬಾರದ ಕೆಲಸ. ಪುಲ್ಲಿ ಇರುವುದೇ ಬಿಚ್ಚಲು. ವೆಲ್ಡ್ ಮಾಡಿದರೆ ನಾಳೆ ಎಂಜಿನ್ನಿನ ಆಯಿಲ್ ಸೀಲ್ ಹಾಕಬೇಕಾದರೂ ಶಾಫ್ಟನ್ನೇ ಕತ್ತರಿಸಬೇಕಾಗುತ್ತದೆ. ಎರಕದ ಕಬ್ಬಿಣ ವೆಲ್ಡಿಂಗನ್ನು ಸುಲಭಕ್ಕೆ ಹಿಡಿಯುವುದೂ ಇಲ್ಲ, ಬಿರುಕು ಬಿಡುತ್ತದೆ. ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು ನಿಂತೇ ಇದ್ದಳು. ಸುರೇಶ ಟೆಂಪೋದ ಬದಿಯಲ್ಲಿ ತಲೆ ತಗ್ಗಿಸಿಕೊಂಡಿದ್ದ. ಕೊನೆಗೆ ನಾನು ಬ್ಲೋ ಲ್ಯಾಂಪಿನಿಂದ ಪುಲ್ಲಿಯನ್ನು ಕಾಯಿಸಿ, ನಿಕ್ಕೆಲ್ ರಾಡಿನಿಂದ ಚೂರು ಚೂರೇ ವೆಲ್ಡ್ ಮಾಡಿ, ಬೂದಿ ಮುಚ್ಚಿ ನಿಧಾನಕ್ಕೆ ಆರಲು ಬಿಟ್ಟೆ. ಜೀವಮಾನದಲ್ಲಿ ಶಾಫ್ಟಿಗೆ ಪುಲ್ಲಿ ವೆಲ್ಡ್ ಮಾಡಿದ್ದು ಅದೊಂದೇ ಸಲ. ತಪ್ಪು ಕೆಲಸವೆಂದು ಗೊತ್ತಿದ್ದೇ ಮಾಡಿದೆ.

ಆರಿದ ಮೇಲೆ ಅವಳು ಬಂದು ಪುಲ್ಲಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

“ಅವ್ರಿಗ್ ಹೇಳಿ ಆಚಾರ್ರೆ. ನಾಳಿಗ್ ಕೆಳ್ಗಿನ್ ಗೆದ್ದಿ ಹೂಡ್ಕಂಬ್ರ್ ಅಂದ್ಹೇಳಿ.”

ಅವನು ಹತ್ತು ಅಡಿ ದೂರದಲ್ಲಿದ್ದ, ಕೇಳಿಸಿತ್ತು. ನನ್ನ ಅರ್ಧ ಕಿವಿಗೇ ಕೇಳಿದ ಮೇಲೆ ಅವನಿಗೆ ಕೇಳದೆ ಇರುತ್ತದೆಯೇ. ಆದರೂ ನಾನು ತಿರುಗಿ, “ಸುರೇಶ, ನಾಳಿಗ್ ಕೆಳ್ಗಿನ್ ಗೆದ್ದಿ ಅಂಬ್ರ್” ಎಂದೆ. ಅವನು ನನಗೇ ಉತ್ತರ ಕೊಟ್ಟ: “ಆಯ್ತ್ ಅಂದ್ಹೇಳಿ ಹೇಳಿ.” ಅದನ್ನೂ ಅವಳಿಗೆ ತಲುಪಿಸಿದೆ. ಊರಲ್ಲಿ ಅವರ ನಡುವೆ ಈ ಕೆಲಸವನ್ನು ಮಗಳು ಮಾಡುತ್ತಾಳಂತೆ. ಇವತ್ತಿಗೂ ಹಾಗೆಯೇ ನಡೆಯುತ್ತಿದೆ.

ನಾನು ಆ ದಿನ ಬಾವಿಕಟ್ಟೆಯಲ್ಲಿ ಹೇಳಿದ್ದು ಸರಿಯೋ ತಪ್ಪೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಹೇಳದೆ ಇದ್ದಿದ್ದರೆ ಗಿರಿಜ ಇರುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಸುರೇಶ ಈಗ ಇದ್ದೂ ಇಲ್ಲದವನ ಹಾಗೆ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದಕ್ಕೆ ಯಾವ ತಕ್ಕಡಿಯೂ ಇಲ್ಲ.

ಆಮೇಲೆ ಅಂಗಡಿ ಇದ್ದಷ್ಟು ದಿನಕ್ಕೂ ಒಂದು ನಿಯಮ ಮಾಡಿಕೊಂಡೆ. ಪುಲ್ಲಿ ಬದಲಾದ ಗಾಡಿಯ ಹ್ಯಾಂಡಲ್‌ಗೆ ಕೆಂಪು ಬಟ್ಟೆಯ ತುಂಡು ಕಟ್ಟುತ್ತಿದ್ದೆ. ಓಡಿಸುವವನೇ ಬಂದು, ಕವರ್ ತೆಗೆದು ನೋಡಿ, ತನ್ನ ಕೈಯಿಂದಲೇ ಅದನ್ನು ಬಿಚ್ಚಬೇಕು. ಮಾಲೀಕ ಬಂದರೆ ಸಾಲದು, ಅಣ್ಣ ಬಂದರೂ ಸಾಲದು. ಆಚಾರ್ರಿಗೆ ಮರುಳು ಎಂದು ನಗುತ್ತಿದ್ದರು. ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ನನಗೆ ಬುದ್ಧಿ ಬಂದದ್ದು ಒಂದು ಜೀವ ಹೋದ ಮೇಲೆ, ಅವರು ನಕ್ಕರೆ ನನಗೇನು.

ಲೇತ್ ಮಾರಿದ ದಿನ ಗುಜರಿಯವನು ಹಳೆಯ ಕಬ್ಬಿಣವನ್ನೆಲ್ಲ ತೂಗಿ ಒಯ್ದ. ಮೇಜಿನ ಮೇಲಿದ್ದ ಆ ಏಳಿಂಚಿನ ಪುಲ್ಲಿಗೂ ಕೈ ಚಾಚಿದ, ಕೊಡಲಿಲ್ಲ. ಅದು ಈಗ ನನ್ನ ಮಂಚದ ಕೆಳಗಿದೆ. ಆಗೀಗ ತೆಗೆದು ಒಂದು ಸರಳಿಗೆ ಹಾಕಿ ತಿರುಗಿಸಿ ನೋಡುತ್ತೇನೆ. ಇಂದಿಗೂ ಕೂದಲೆಳೆಯಷ್ಟೂ ಅದುರುವುದಿಲ್ಲ. ಕೆಲಸ ಅಷ್ಟು ಸರಿಯಾಗಿತ್ತು. ಯಂತ್ರದ ಕೆಲಸ ಸರಿಯಾದರೆ ಅರ್ಧ ಮುಗಿದಂತೆ, ಅದನ್ನು ಹಿಡಿಯುವವನಿಗೆ ಹೇಳಿದಾಗಲೇ ಉಳಿದರ್ಧ. ಆ ಉಳಿದರ್ಧವನ್ನು ನಾಳೆಗೆ ಇಡಬಾರದು.